ದುಡಿಮೆ ನಿಂತಾಗ ಗಂಡಸು ಯಾರು?

"ಉದ್ಯೋಗಂ ಪುರುಷಲಕ್ಷಣಂ" ಎಂಬ ಮಾತನ್ನು ಕೇಳದವರು ನಮ್ಮಲ್ಲಿ ವಿರಳ. ಓದು ಮುಗಿಸಿ ಸುಮ್ಮನೆ ತಿರುಗುವ ಮಗನಿಗೆ ತಂದೆ, ಕೆಲಸ ಬಿಟ್ಟು ಕುಳಿತ ಅಳಿಯನಿಗೆ ಮಾವ, ಮದುವೆಯ ಮಾತುಕತೆಗೆ ಬಂದ ವರನಿಗೆ ಹೆಣ್ಣಿನ ಕಡೆಯವರು, ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಇದೇ ಮಾತನ್ನು ನೆನಪಿಸುತ್ತಾರೆ. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಬೆವರು ಸುರಿಸಿ ಮನೆಯವರನ್ನು ಸಾಕುವುದು ಗೌರವದ ಸಂಗತಿ. ಆದರೆ ಈ ಮಾತಿನ ಬೆನ್ನಿಗೇ ಒಂದು ಪ್ರಶ್ನೆ ಅಡಗಿದೆ. ಉದ್ಯೋಗವೇ ಪುರುಷನ ಲಕ್ಷಣವಾದರೆ, ಉದ್ಯೋಗ ಹೋದ ದಿನ ಆ ಪುರುಷನು ಯಾರು?

ಕೊರೊನಾ ಮಹಾಮಾರಿಯ ಕಾಲದಲ್ಲಿ ಈ ಪ್ರಶ್ನೆ ಕೋಟ್ಯಂತರ ಮನೆಗಳ ಬಾಗಿಲಿಗೆ ಒಮ್ಮೆಗೇ ಬಂದು ನಿಂತಿತು. ಅದಕ್ಕೆ ಉತ್ತರ ಸಿಗದೆ ಅನೇಕ ಗಂಡಸರು ಒಳಗೊಳಗೇ ಕುಸಿದರು. ಮಹಾಮಾರಿ ಸರಿಯಿತು, ಪ್ರಶ್ನೆ ಮಾತ್ರ ಉಳಿದಿದೆ. ಆದ್ದರಿಂದ ಪ್ರಿಯ ಓದುಗರೇ, ಈ ವಾರ ಗಂಡಸಿನ ಮನಸ್ಸಿನ ಆರೋಗ್ಯದ ಬಗ್ಗೆ ಸ್ವಲ್ಪ ಸಾವಧಾನವಾಗಿ ಚಿಂತಿಸೋಣ.

ಅಂದು ನಡೆದದ್ದೇನು?

2020ರ ಮಾರ್ಚ್ 24ರ ರಾತ್ರಿ ದೇಶವ್ಯಾಪಿ ಲಾಕ್‌ಡೌನ್ ಘೋಷಣೆಯಾಯಿತು. ಬೆಳಗಾಗುವಷ್ಟರಲ್ಲಿ ಕಟ್ಟಡದ ಕೆಲಸ, ಹೋಟೆಲು, ಕಾರ್ಖಾನೆ, ಬಸ್ಸು, ಆಟೋ ಎಲ್ಲವೂ ನಿಂತುಹೋದವು. ಸಿ.ಎಂ.ಐ.ಇ. ಸಂಸ್ಥೆಯ ಅಂದಾಜಿನಂತೆ ಆ ಏಪ್ರಿಲ್ ಒಂದೇ ತಿಂಗಳಲ್ಲಿ ದೇಶದಲ್ಲಿ 12 ಕೋಟಿಗೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಮೇ 6ರಂದು ಕರ್ನಾಟಕ ಸರ್ಕಾರ 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಪ್ರಕಟಿಸಿತು. ಸುಮಾರು 2,30,000 ಕ್ಷೌರಿಕರಿಗೆ, 7,75,000 ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಎಂದು ಅದರಲ್ಲಿ ಹೇಳಲಾಗಿತ್ತು. ಈ ಕಸುಬುಗಳಲ್ಲಿರುವವರು ಹೆಚ್ಚಾಗಿ ಗಂಡಸರೇ. ಅದೇ ಮೇ 12ರಂದು ದುಬೈಯಿಂದ ಮೊದಲ ವಿಶೇಷ ವಿಮಾನ ಮಂಗಳೂರಿಗೆ ಬಂದಿಳಿಯಿತು. ಮುಂಬಯಿಯಿಂದ ಮಂಡ್ಯ, ಉಡುಪಿ, ಕಲಬುರಗಿ ಜಿಲ್ಲೆಗಳಿಗೆ ಸಾವಿರಾರು ಜನ ಹಿಂತಿರುಗಿದರು. ತಿಂಗಳು ತಿಂಗಳು ಹಣ ಕಳುಹಿಸುತ್ತಿದ್ದವನು ಈಗ ಬರಿಗೈಯಲ್ಲಿ ಮನೆಯ ಜಗಲಿಯಲ್ಲಿ ಕುಳಿತಿದ್ದ. ಊರವರು ಅವನನ್ನು ರೋಗ ತಂದವನಂತೆ ನೋಡಿದ್ದೂ ಉಂಟು.

ಹಸಿವಿಗೆ ಅಕ್ಕಿ, ಬೇಳೆ ಹೇಗೋ ಸಿಕ್ಕಿತು. ಆದರೆ ಪಡಿತರದ ಕಿಟ್ ಹಿಡಿಯಲು ಸಾಲಿನಲ್ಲಿ ನಿಂತಾಗ ಆದ ಅವಮಾನಕ್ಕೆ ಯಾರ ಬಳಿಯೂ ಮದ್ದಿರಲಿಲ್ಲ. "ನಾನು ಇತರರಿಗೆ ಕೊಡುತ್ತಿದ್ದವನು, ಈಗ ಕೈಯೊಡ್ಡುವವನಾದೆ" ಎಂಬ ಕೊರಗು ರೋಗಕ್ಕಿಂತ ಹೆಚ್ಚು ನೋಯಿಸಿತು.

ಈ ನೋವು ಎಲ್ಲಿಯವರೆಗೆ ಹೋಯಿತು ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ತಿಳಿಸುತ್ತವೆ. 2019ರಲ್ಲಿ ದೇಶದಲ್ಲಿ 1,39,123 ಜನ ಆತ್ಮಹತ್ಯೆಯಿಂದ ಸತ್ತಿದ್ದರು. 2020ರಲ್ಲಿ ಈ ಸಂಖ್ಯೆ 1,53,052ಕ್ಕೂ 2021ರಲ್ಲಿ 1,64,033ಕ್ಕೂ ಏರಿತು. 2021ರಲ್ಲಿ ಹಾಗೆ ಸತ್ತವರಲ್ಲಿ 1,18,979 ಮಂದಿ, ಅಂದರೆ ನೂರರಲ್ಲಿ 72ಕ್ಕೂ ಹೆಚ್ಚು ಜನ, ಗಂಡಸರು. ದಿನಗೂಲಿಯವರೇ 42,004 ಮಂದಿ. ಅವರಲ್ಲಿ 37,751 ಮಂದಿ ಗಂಡಸರು. ಕರ್ನಾಟಕದಲ್ಲಿ ಆ ವರ್ಷ 13,056 ಜೀವಗಳು ಹೀಗೆ ಹೋದವು. ಇವೆಲ್ಲಕ್ಕೂ ಮಹಾಮಾರಿಯೊಂದೇ ಕಾರಣವೆಂದು ಹೇಳಲಾಗದು. ಯಾವ ಆತ್ಮಹತ್ಯೆಗೂ ಒಂದೇ ಕಾರಣ ಇರುವುದಿಲ್ಲ. ಆದರೆ ಪ್ರತಿಯೊಂದು ಅಂಕಿಯ ಹಿಂದೆ ಒಂದು ಮನೆ ಇದೆ, "ಒಂದು ಮಾತು ಹೇಳಬಾರದಿತ್ತೇ?" ಎಂದು ಇಂದಿಗೂ ಕೇಳುತ್ತಿರುವ ಹೆಂಡತಿ ಅಥವಾ ತಾಯಿ ಇದ್ದಾಳೆ ಎಂಬುದನ್ನು ಮರೆಯಬಾರದು.

"ಏನಿಲ್ಲ, ಸುಮ್ಮನಿರು"

ಅವನು ಆ ಒಂದು ಮಾತನ್ನು ಏಕೆ ಹೇಳಲಿಲ್ಲ? ಏಕೆಂದರೆ ಹೇಳಬಾರದೆಂದು ನಾವೇ ಕಲಿಸಿದ್ದೇವೆ. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದೆಂಬ ಗಾದೆ ನಮ್ಮದೇ. ಬಿದ್ದು ಮೊಣಕಾಲು ತರಚಿಕೊಂಡ ನಾಲ್ಕು ವರ್ಷದ ಹುಡುಗನಿಗೆ "ಹುಡುಗಿ ಹಾಗೆ ಅಳ್ತೀಯಲ್ಲೋ" ಎನ್ನುತ್ತೇವೆ. ಹೀಗೆ ಬೆಳೆದವನು ನಲವತ್ತರಲ್ಲಿ ಬದುಕು ತರಚಿದಾಗ ಅಳುವುದನ್ನೇ ಮರೆತಿರುತ್ತಾನೆ. "ಏನ್ರೀ, ಯಾಕೆ ಒಂಥರಾ ಇದ್ದೀರಿ?" ಎಂದು ಹೆಂಡತಿ ಕೇಳಿದರೆ, "ಏನಿಲ್ಲ, ಸುಮ್ಮನಿರು" ಎಂದು ಮುಖ ತಿರುಗಿಸುತ್ತಾನೆ.

ಆದರೆ ಬಾಯಿ ಹೇಳದ್ದನ್ನು ನಡತೆ ಹೇಳುತ್ತದೆ. ಖಿನ್ನತೆಯೆಂದರೆ ಮೂಲೆಯಲ್ಲಿ ಕುಳಿತು ಕಣ್ಣೀರಿಡುವುದು ಮಾತ್ರ ಎಂದು ನಾವು ತಿಳಿದಿದ್ದೇವೆ. ಗಂಡಸರಲ್ಲಿ ಅದು ಅನೇಕ ವೇಳೆ ಬೇರೆ ವೇಷದಲ್ಲಿ ಬರುತ್ತದೆ: ಸಣ್ಣ ಮಾತಿಗೂ ಸಿಡುಕು, ರಾತ್ರಿ ನಿದ್ದೆ ಇಲ್ಲದಿರುವುದು, ಪರೀಕ್ಷೆಯಲ್ಲಿ ಕಾರಣ ಸಿಗದ ತಲೆನೋವು, ಎದೆ ಬಿಗಿತ, ಗೆಳೆಯರಿಂದ ದೂರ ಉಳಿಯುವುದು, ಅತಿವೇಗದ ಚಾಲನೆ, ಜೂಜು, ಕುಡಿತ. ಎರಡು ವಾರಗಳಿಗೂ ಮೀರಿ ಇವು ಮುಂದುವರಿದು, ಯಾವುದರಲ್ಲೂ ಆಸಕ್ತಿ ಇಲ್ಲದಂತಾದರೆ ಅದನ್ನು ಬರಿಯ 'ಕೋಪಿಷ್ಠ ಸ್ವಭಾವ' ಎಂದು ತಳ್ಳಿಹಾಕಬಾರದು. ಖಿನ್ನತೆ ಹೆಂಗಸರಲ್ಲಿ ಹೆಚ್ಚು ಕಂಡುಬಂದರೂ, ಆತ್ಮಹತ್ಯೆಯಿಂದ ಸಾಯುವವರಲ್ಲಿ ಗಂಡಸರು ಹೆಚ್ಚು ಎಂಬುದು ಲೋಕವೆಲ್ಲಾ ಕಂಡ ಸಂಗತಿ. ತಡವಾಗುವ ತನಕ ಅವರು ಸಹಾಯ ಕೇಳದಿರುವುದು ಇದಕ್ಕೊಂದು ಮುಖ್ಯ ಕಾರಣ.

ಕುಡಿತದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಲಾಕ್‌ಡೌನಿನ ಮೊದಲ ವಾರಗಳಲ್ಲಿ ಮದ್ಯದಂಗಡಿಗಳು ಮುಚ್ಚಿದ್ದವು. ನಿತ್ಯ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಬೇಕಾಗಿ ಬಂದು ಮೈನಡುಕ, ಫಿಟ್ಸ್, ಭ್ರಮೆಗಳಿಂದ ಬೆಂಗಳೂರಿನ ಆಸ್ಪತ್ರೆಗಳನ್ನು ಸೇರಿದರು. 2020ರ ಮೇ 4ರಂದು ಅಂಗಡಿಗಳು ತೆರೆದಾಗ ಮೊದಲ ದಿನವೇ ಕರ್ನಾಟಕದಲ್ಲಿ ಸುಮಾರು 45 ಕೋಟಿ ರೂಪಾಯಿಗಳ ಮದ್ಯ ಮಾರಾಟವಾಯಿತು. ಎಷ್ಟು ಗಂಡಸರು ತಮ್ಮ ಭಯವನ್ನು ಬಾಟಲಿಯಲ್ಲಿ ಮುಳುಗಿಸುತ್ತಿದ್ದರು ಎಂಬುದನ್ನು ಆ ಸಾಲುಗಳು ತೋರಿಸಿದವು. ಬಹುಕಾಲ ವಿಪರೀತ ಕುಡಿದವರು ವೈದ್ಯರ ಸಹಾಯವಿಲ್ಲದೆ ಹಠಾತ್ತನೆ ನಿಲ್ಲಿಸುವುದು ಜೀವಕ್ಕೇ ಅಪಾಯ ಎಂಬುದು ಪ್ರತಿ ಮನೆಗೂ ತಿಳಿದಿರಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗಂಡಸಿನ ನೋವನ್ನು ಅರ್ಥಮಾಡಿಕೊಳ್ಳುವುದೆಂದರೆ ಅವನ ಹೊಡೆತವನ್ನು ಕ್ಷಮಿಸಿ ಸುಮ್ಮನಿರುವುದಲ್ಲ. ಮಹಾಮಾರಿಗೆ ಮೊದಲೇ, 2019ರಲ್ಲಿ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ ನಡೆದಾಗ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇಕಡ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ತಿಳಿಸಿದ್ದರು. ಅಂಥ ಮನೆಗಳ ಬಾಗಿಲುಗಳನ್ನೇ ಲಾಕ್‌ಡೌನ್ ಹೊರಗಿನಿಂದ ಮುಚ್ಚಿತು. ದುಃಖವೆಂಬುದು ಕಾರಣ ಹೇಳಬಹುದು, ಸಮರ್ಥನೆ ಆಗಲಾರದು. ಹೊಡೆಸಿಕೊಳ್ಳುತ್ತಿರುವ ಸಹೋದರಿ ಮೊದಲು ತನ್ನನ್ನೂ ಮಕ್ಕಳನ್ನೂ ಸುರಕ್ಷಿತವಾಗಿಟ್ಟುಕೊಳ್ಳಲಿ. 181 ಮಹಿಳಾ ಸಹಾಯವಾಣಿಗೂ ತುರ್ತಿಗೆ 112ಕ್ಕೂ ಕರೆಮಾಡಲು ಅಂಜದಿರಲಿ.

ಇರವು ಮೊದಲು, ದುಡಿಮೆ ಆಮೇಲೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ತತ್ವಶಾಸ್ತ್ರದಲ್ಲಿ ಒಂದು ಹಳೆಯ ಸೂತ್ರವಿದೆ: ಕ್ರಿಯೆಯು ಇರವನ್ನು ಹಿಂಬಾಲಿಸುತ್ತದೆ. ಮಾವಿನ ಮರ ಹಣ್ಣು ಕೊಡುವುದರಿಂದ ಮಾವಿನ ಮರವಾಗುವುದಿಲ್ಲ; ಮಾವಿನ ಮರವಾಗಿರುವುದರಿಂದ ಹಣ್ಣು ಕೊಡುತ್ತದೆ. ಒಂದು ವರ್ಷ ಫಸಲು ಬಾರದಿದ್ದರೆ ಅದನ್ನು ಯಾರೂ ಬೇರೆ ಮರವೆಂದು ಕರೆಯುವುದಿಲ್ಲ. ಹಾಗೆಯೇ ದುಡಿಮೆ ಮನುಷ್ಯನಿಂದ ಹೊರಡುತ್ತದೆಯೇ ಹೊರತು ಮನುಷ್ಯ ದುಡಿಮೆಯಿಂದ ಹುಟ್ಟುವುದಿಲ್ಲ. ಜಗದ್ಗುರು ಎರಡನೇ ಜಾನ್ ಪೌಲರು 1981ರಲ್ಲಿ ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರದ ತಿರುಳೂ ಇದೇ: ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ದುಡಿಮೆಗಾಗಿ ಅಲ್ಲ.

ಸಂಬಳದ ಚೀಟಿ ನಿಂತರೂ ತಂದೆತನ ನಿಲ್ಲುವುದಿಲ್ಲ. ಮಗುವಿಗೆ ಬೇಕಾದದ್ದು ಅಪ್ಪನ ಜೇಬು ಮಾತ್ರವಲ್ಲ, ಅಪ್ಪ. ಈ ಸರಳ ಸತ್ಯವನ್ನು ಗಂಡಸಿಗೆ ಯಾರೂ ಹೇಳದೇ ಹೋದಾಗ, ಕೆಲಸ ಹೋದ ದಿನ ತಾನೇ ಹೋದೆನೆಂದು ಅವನು ಭಾವಿಸುತ್ತಾನೆ.

ಮಹಾಮಾರಿಯ ನಡುವೆಯೇ, 2020ರ ಡಿಸೆಂಬರ್ 8ರಂದು, ದಿವಂಗತ ಜಗದ್ಗುರು ಫ್ರಾನ್ಸಿಸರು ಸಂತ ಜೋಸೆಫರನ್ನು ಕುರಿತು ಒಂದು ಪ್ರೇಷಿತ ಪತ್ರ ಬರೆದು, ಮುಂದಿನ ಒಂದು ವರ್ಷವನ್ನು ಆ ಸಂತರಿಗೆ ಮೀಸಲಿಟ್ಟರು. ಯಾರ ಕಣ್ಣಿಗೂ ಬೀಳದೆ ಇತರರನ್ನು ಕಾಪಾಡಿದ ಸಾಮಾನ್ಯ ಜನರನ್ನು ಅವರು ಅದರಲ್ಲಿ ನೆನೆದರು. ಮೃದುತ್ವವನ್ನು ತಂದೆಯ ಗುಣವೆಂದು ಎತ್ತಿಹಿಡಿದರು. ಬಡಗಿ ಜೋಸೆಫರು ಎಳೆಯ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟಾಗ ಅವರೂ ನೆಲೆಯಿಲ್ಲದ ವಲಸಿಗರೇ ಆಗಿದ್ದರು. ಅದರಿಂದ ಅವರ ಗಂಡಸುತನ ಕುಗ್ಗಲಿಲ್ಲ. ಶುಭಸಂದೇಶಗಳಲ್ಲಿ ಅವರು ಆಡಿದ ಒಂದು ಮಾತೂ ದಾಖಲಾಗಿಲ್ಲ ಎಂಬುದು ನಿಜ. ಆದರೆ ಆ ಮೌನ ಕಿವಿಗೊಡುವ ಮೌನ, ಜೊತೆಗಿರುವ ಮೌನ. ಮನೆಯವರಿಂದ ಮುಖ ತಿರುಗಿಸುವ "ಏನಿಲ್ಲ, ಸುಮ್ಮನಿರು" ಎಂಬ ಮೌನ ಅದಲ್ಲ.

ಅಡುಗೆಮನೆಯಲ್ಲಿ ಕಂಡ ಹೊಸ ಗಂಡಸು

ಆ ದಿನಗಳು ಕತ್ತಲೆಯನ್ನಷ್ಟೇ ತರಲಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರೆ, ಮಾಡುವ ಗಂಡಸರು ಕಳೆಯುತ್ತಿದ್ದುದು 97 ನಿಮಿಷ. ಅಷ್ಟನ್ನಾದರೂ ಮಾಡುತ್ತಿದ್ದ ಗಂಡಸರು ನಾಲ್ವರಲ್ಲಿ ಒಬ್ಬರಷ್ಟೇ. ಲಾಕ್‌ಡೌನಿನ ಮೊದಲ ತಿಂಗಳು, 2020ರ ಏಪ್ರಿಲ್‌ನಲ್ಲಿ, ಗಂಡಸರು ಮನೆಗೆಲಸಕ್ಕೆ ಕೊಡುವ ಸಮಯ ಹೆಚ್ಚಾಯಿತೆಂದು ಅರ್ಥಶಾಸ್ತ್ರಜ್ಞೆ ಅಶ್ವಿನಿ ದೇಶಪಾಂಡೆಯವರ ಅಧ್ಯಯನ ತೋರಿಸಿತು. ಪಾತ್ರೆ ತೊಳೆಯುವ ಅಪ್ಪನನ್ನು, ಮಗಳ ತಲೆ ಬಾಚುವ ಅಪ್ಪನನ್ನು, ಮುದಿ ತಾಯಿಗೆ ಜ್ವರದಲ್ಲಿ ಗಂಜಿ ಕುಡಿಸುವ ಮಗನನ್ನು ಅನೇಕ ಮನೆಗಳು ಮೊದಲ ಬಾರಿಗೆ ಕಂಡವು. ಬೆಂಗಳೂರಿನಲ್ಲಿ ಜಾತಿ ಮತ ನೋಡದೆ ಅಪರಿಚಿತರ ಶವಗಳನ್ನು ಗೌರವದಿಂದ ಮಣ್ಣು ಮಾಡಿದ ಸ್ವಯಂಸೇವಕರಲ್ಲಿ ಎಷ್ಟೋ ಮಂದಿ ಯುವಕರು. ಅವರ ಕಣ್ಣಲ್ಲಿ ನೀರಿತ್ತು, ಕೈಯಲ್ಲಿ ಬಲವೂ ಇತ್ತು. ಇವೆರಡೂ ಒಬ್ಬನಲ್ಲೇ ಇರಬಹುದೆಂದು ಜನ ಕಂಡುಕೊಂಡರು.

ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು. ಆಗಸ್ಟ್ ತಿಂಗಳಿಗೆ ಬರುವಷ್ಟರಲ್ಲಿ ಗಂಡಸರ ಮನೆಗೆಲಸದ ಸಮಯ ಮತ್ತೆ ಇಳಿಯಿತು. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಹೆಂಗಸರದು 289 ನಿಮಿಷ, ಗಂಡಸರದು 88 ನಿಮಿಷ. ಕಷ್ಟಕಾಲದಲ್ಲಿ ಕಲಿತದ್ದನ್ನು ಸುಖಕಾಲ ಬಂದೊಡನೆ ಅಟ್ಟದ ಮೇಲಿಟ್ಟೆವು! ಇದರಿಂದ ನಷ್ಟವಾದದ್ದು ಹೆಂಗಸರಿಗೆ ಮಾತ್ರವಲ್ಲ. ಮನೆಯೊಳಗೆ ತನ್ನದೆಂಬ ಸ್ಥಾನವನ್ನು ಗಳಿಸಿದ ಗಂಡಸು ಕೆಲಸ ಹೋದಾಗ ಎಲ್ಲವನ್ನೂ ಕಳೆದುಕೊಳ್ಳುವುದಿಲ್ಲ. ಸಂಪಾದನೆಯ ಒಂದೇ ಕಂಬದ ಮೇಲೆ ನಿಂತವನು ಆ ಕಂಬ ಮುರಿದಾಗ ಕುಸಿಯುತ್ತಾನೆ. ನಾಲ್ಕು ಕಂಬಗಳಿದ್ದರೆ ಚಪ್ಪರ ಉಳಿಯುತ್ತದೆ.

ಸಂತ ತೋಮಸರ ಐದು ಮದ್ದುಗಳು

ಹದಿಮೂರನೆಯ ಶತಮಾನದ ಮಹಾಪಂಡಿತ ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಬೃಹದ್ಗ್ರಂಥದಲ್ಲಿ ದುಃಖಕ್ಕೆ ಮದ್ದೇನೆಂದು ವಿಚಾರಿಸಿದ್ದಾರೆ. ಅಂಥ ಗಂಭೀರ ಚಿಂತಕರು "ಗಂಡಸಾಗಿ ತಡೆದುಕೋ" ಎನ್ನುವುದಿಲ್ಲ. ಅವರು ಹೇಳುವ ಮದ್ದುಗಳು ಐದು.

ಮೊದಲನೆಯದು, ಒಳ್ಳೆಯ ಸಂತೋಷ. ದಣಿದ ದೇಹಕ್ಕೆ ವಿಶ್ರಾಂತಿ ಹೇಗೋ ನೊಂದ ಮನಸ್ಸಿಗೆ ಸಂತೋಷ ಹಾಗೆ. ಮಕ್ಕಳೊಡನೆ ಆಟ, ತೋಟದ ಕೆಲಸ, ಹಾಡು, ಸಂಜೆಯ ನಡಿಗೆ ಇವು ಸೋಮಾರಿತನವಲ್ಲ.

ಎರಡನೆಯದು, ಕಣ್ಣೀರು. ನೋವನ್ನು ಒಳಗೆ ಮುಚ್ಚಿಟ್ಟಷ್ಟೂ ಅದು ಹೆಚ್ಚು ನೋಯಿಸುತ್ತದೆ, ಹೊರಗೆ ಹರಿಸಿದರೆ ಹಗುರಾಗುತ್ತದೆ ಎನ್ನುತ್ತಾರೆ ಸಂತರು. ಪ್ರಭು ಯೇಸುವೇ ಗೆಳೆಯ ಲಾಜರನ ಸಮಾಧಿಯ ಬಳಿ ಅತ್ತರಲ್ಲವೇ?

ಮೂರನೆಯದು, ಗೆಳೆಯರ ಅನುಕಂಪ. ಭಾರ ಹೊತ್ತವನಿಗೆ ಇನ್ನೊಬ್ಬ ಹೆಗಲು ಕೊಟ್ಟಂತೆ ಅದು. ಗೆತ್ಸೆಮನಿ ತೋಪಿನಲ್ಲಿ ಯೇಸು ತಮ್ಮ ಕಡು ಸಂಕಟವನ್ನು ಮೂವರು ಶಿಷ್ಯರಿಗೆ ಬಾಯಿಬಿಟ್ಟು ಹೇಳಿದರು, ಜೊತೆಗಿರಿ ಎಂದು ಕೇಳಿಕೊಂಡರು. ಗಂಡಸರು ರಾಜಕೀಯ, ಕ್ರಿಕೆಟ್, ಸಾಲದ ಬಡ್ಡಿ ಎಲ್ಲವನ್ನೂ ಮಾತನಾಡುತ್ತಾರೆ. "ನನಗೆ ಭಯವಾಗ್ತಿದೆ ಮಾರಾಯ" ಎನ್ನಲು ಮಾತ್ರ ಹಿಂಜರಿಯುತ್ತಾರೆ. ಹಾಗೆ ಹೇಳಬಲ್ಲ ಒಬ್ಬ ಗೆಳೆಯನಾದರೂ ಪ್ರತಿಯೊಬ್ಬ ಗಂಡಸಿಗೂ ಇರಲಿ.

ನಾಲ್ಕನೆಯದು, ಸತ್ಯದ ಧ್ಯಾನ. "ನಾನು ನಿಷ್ಪ್ರಯೋಜಕ" ಎಂದು ಮನಸ್ಸು ಹೇಳುವುದು ಕಾಯಿಲೆಯ ಮಾತು, ಸತ್ಯವಲ್ಲ. ಪ್ರಾರ್ಥನೆ, ಒಳ್ಳೆಯ ಓದು, ಬಲ್ಲವರ ಮಾತು ಇವು ಸತ್ಯವನ್ನು ಮತ್ತೆ ಕಣ್ಣ ಮುಂದೆ ತರುತ್ತವೆ.

ಐದನೆಯದು ನಿಮಗೆ ನಗು ತರಿಸಬಹುದು: ನಿದ್ದೆ ಮತ್ತು ಸ್ನಾನ! ದೇಹ ಮನಸ್ಸುಗಳು ಒಂದನ್ನೊಂದು ಹಿಡಿದುಕೊಂಡಿವೆ ಎಂದು ಸಂತರಿಗೆ ಗೊತ್ತಿತ್ತು. ಸಾವನ್ನು ಬೇಡುತ್ತಾ ಮರುಭೂಮಿಯಲ್ಲಿ ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನನ್ನು ದೇವರು ಗದರಿಸಲಿಲ್ಲ. ದೂತನು ಅವನನ್ನು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಅವನು ಉಂಡು ಮತ್ತೆ ಮಲಗಿದನು. ಉಪದೇಶ ಆಮೇಲೆ ಬಂತು.

ವೈದ್ಯರ ಬಳಿಗೆ ಹೋಗುವುದು ಅವಮಾನವಲ್ಲ

ಈ ಐದೂ ಸಾಲದ ಸಮಯ ಬರುತ್ತದೆ. ಪ್ರಾರ್ಥನೆ ಮಾಡಿದರೆ ಸಾಕು, ಔಷಧ ಬೇಡ ಎನ್ನುವುದು ವಿಶ್ವಾಸವಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವನು ಖಿನ್ನತೆಗೆ ಮಾತ್ರೆ ನುಂಗಲು ಏಕೆ ನಾಚಬೇಕು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ಚಿಕಿತ್ಸೆ ಬೇಕಾದ ಮಾನಸಿಕ ರೋಗಿಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿಗೆ ಅದು ಸಿಕ್ಕಿರಲಿಲ್ಲ. 2022ರ ಅಕ್ಟೋಬರ್ 10ರಂದು 'ಟೆಲಿ ಮಾನಸ್' ಎಂಬ ಸರ್ಕಾರಿ ಸಹಾಯವಾಣಿ ಆರಂಭವಾಯಿತು. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ.

"ನಾನಿಲ್ಲದಿದ್ದರೆ ನಿಮಗೆಲ್ಲ ಸುಖ" ಎಂದು ಮನೆಯ ಗಂಡಸು ಒಮ್ಮೆ ಆಡಿದರೂ ಅದನ್ನು ಕೋಪದ ಮಾತೆಂದು ಬಿಡಬೇಡಿ. "ಸಾಯಬೇಕೆಂದು ಅನಿಸುತ್ತಿದೆಯೇ?" ಎಂದು ನೇರವಾಗಿ, ಪ್ರೀತಿಯಿಂದ ಕೇಳಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುವುದೆಂಬ ಭಯ ಬೇಡ; ಕೇಳುವುದರಿಂದ ಮನಸ್ಸು ತೆರೆಯುತ್ತದೆ. ಅವನನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಪೊಲೀಸು ಕೇಸಾಗುತ್ತದೆಂದು ಹೆದರಿ ಬಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಅಂಥವನನ್ನು ತೀವ್ರ ಒತ್ತಡದಲ್ಲಿರುವವನೆಂದು ಕಾಣುತ್ತದೆ. ಅವನಿಗೆ ಶಿಕ್ಷೆಯಲ್ಲ, ಆರೈಕೆ ಸಲ್ಲಬೇಕೆನ್ನುತ್ತದೆ.

ಆಗಲೇ ಒಬ್ಬರನ್ನು ಹೀಗೆ ಕಳೆದುಕೊಂಡ ಕುಟುಂಬಗಳಿಗೂ ಒಂದು ಮಾತು. ತೀವ್ರವಾದ ಮನೋವ್ಯಥೆ, ಭಯ, ಯಾತನೆಗಳು ಮನುಷ್ಯನ ಹೊಣೆಯನ್ನು ಕುಗ್ಗಿಸುತ್ತವೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎನ್ನುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆ, ಅಂತ್ಯಕ್ರಿಯೆ ನಿರಾಕರಿಸಬೇಕಾದವರ ಪಟ್ಟಿಯಲ್ಲಿ ಅವರನ್ನು ಸೇರಿಸಿಲ್ಲ. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ನೆರೆಹೊರೆಯವರು ಆ ಮನೆಗೆ ಮೊದಲಿನಂತೆಯೇ ಹೋಗಿ ಬರಲಿ.

ಉಪಸಂಹಾರ

ಗಂಡಸುತನವನ್ನು ಬಿಟ್ಟುಬಿಡಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಅದನ್ನು ಸ್ವಲ್ಪ ಅಗಲ ಮಾಡಿ ಎಂದಷ್ಟೇ ಕೋರಿಕೆ. ಕಾಪಾಡುವುದು ಗಂಡಸುತನವಾದರೆ, ತನ್ನ ಸಿಟ್ಟಿನಿಂದ ಮನೆಯವರನ್ನು ಕಾಪಾಡುವುದೂ ಗಂಡಸುತನವೇ. ಧೈರ್ಯ ಗಂಡಸುತನವಾದರೆ, "ನನಗೆ ಆಗ್ತಿಲ್ಲ, ಕೈ ಹಿಡಿ" ಎನ್ನಲು ಬೇಕಾದದ್ದೂ ಧೈರ್ಯವೇ. ಹೆಂಡತಿ, ತಾಯಿ, ಅಕ್ಕತಂಗಿಯರು ಗಂಡಸಿನ ಮಾತಿಗೆ ಕಿವಿಗೊಡಲಿ. ಅವನು ಒಮ್ಮೆ ಅತ್ತರೆ ಅದನ್ನು ಮುಂದಿನ ಜಗಳದಲ್ಲಿ ಎತ್ತಿ ಆಡದಿರಲಿ. ಮೊಣಕಾಲು ತರಚಿಕೊಂಡ ಹುಡುಗನಿಗೆ "ಅಳಬೇಡ" ಎನ್ನುವ ಬದಲು "ನೋವಾಯ್ತಾ ಮಗನೇ? ಬಾ" ಎನ್ನೋಣ. ಆ ಒಂದು ಮಾತು ಮೂವತ್ತು ವರ್ಷಗಳ ನಂತರ ಒಂದು ಜೀವವನ್ನು ಉಳಿಸೀತು.

ಕುಟುಂಬದಲ್ಲಿ ಕುಳಿತು ಚಿಂತಿಸಲು:

1. ಲಾಕ್‌ಡೌನಿನ ದಿನಗಳಲ್ಲಿ ನಮ್ಮ ಮನೆಯ ಗಂಡಸರು ಏನನ್ನು ಕಳೆದುಕೊಂಡರು? ಅದನ್ನು ಯಾರ ಬಳಿಯಾದರೂ ಹೇಳಿಕೊಂಡರೇ?

2. ಆಗ ಹಂಚಿಕೊಂಡ ಮನೆಗೆಲಸಗಳಲ್ಲಿ ಇಂದಿಗೂ ಉಳಿದಿರುವುದು ಯಾವುದು? ಬಿಟ್ಟುಹೋದದ್ದು ಯಾವುದು?

3. ನಮ್ಮ ಗಂಡುಮಕ್ಕಳು ಅತ್ತಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು?

4. ಕೆಲಸವಿಲ್ಲದೆ ಅಥವಾ ಮಾತಿಲ್ಲದೆ ಕುಳಿತಿರುವ ನೆರೆಮನೆಯ ಸಹೋದರನೊಬ್ಬನನ್ನು ಈ ವಾರ ಭೇಟಿಯಾಗಲು ನಮ್ಮಿಂದ ಸಾಧ್ಯವೇ?